ಬೀಜದ ಶೀಶೆ ಮುಟ್ಟಿದವರು

ಸೆಪ್ಟೆಂಬರ್ 14, ಭಾನುವಾರ

ವೇದಾಂತ್ ಮಲಗಿದ್ದಾನೆ. "ಕೂಸು ಮಲಗಿದಾಗ ನೀನೂ ಮಲಗು" ಎಂದು ಎಲ್ಲರೂ ಹೇಳುತ್ತಾರೆ. ನಾನೂ ಮಲಗಿದರೆ ಕೂಸು ಉಸಿರಾಡುತ್ತಿದೆಯೋ ಇಲ್ಲವೋ ನೋಡುವವರು ಯಾರು? ಅದಕ್ಕೇ ಬರೆಯುತ್ತ ಕೂತಿದ್ದೇನೆ.

ಇವತ್ತು ನನ್ನ ಕ್ಲಾಸು ಶುರುವಾಯಿತು. ಬಿ.ಎಸ್ಸಿ. ಅಗ್ರಿ ಓದಿ, ಬೀಜದ ಕಂಪನಿಯಲ್ಲಿ ದುಡಿದು, ಹೆರಿಗೆಗೆಂದು ಬಿಟ್ಟು ಕೂತವಳ ತಲೆ ಭಾನುವಾರ ಎರಡು ತಾಸಾದರೂ ಬೇರೆ ಕಡೆ ಹೋಗಲಿ ಎಂದು ಇದನ್ನು ಸೂಚಿಸಿದ್ದು ಇವರೇ, ನನ್ನ ಗಂಡ ಕಮಲಾಕರ. ಪ್ರಥಮ ಪಿಯುಸಿಯಲ್ಲಿರುವ ರೈತರ ಮಕ್ಕಳನ್ನು ಅಗ್ರಿ ಸೀಟಿಗೆ ಈಗಿನಿಂದಲೇ ತಯಾರು ಮಾಡುವುದು. ರೈತರ ಮಕ್ಕಳಿಗೆ ಕೋಟಾ ಇದೆ. ಆದರೆ ಅದರಲ್ಲಿ ಅರ್ಜಿ ಹಾಕಿದವರು ಪ್ರಾಯೋಗಿಕ ಪರೀಕ್ಷೆಗೆ ಕೂಡಬೇಕು. ಬೀಜ, ಗೊಬ್ಬರ, ಕಳೆ, ಕೀಟ ಮುಂದಿಡುತ್ತಾರೆ, ಗುರುತಿಸಬೇಕು. ತಮಾಷೆಯೆಂದರೆ ಈ ಮಕ್ಕಳನ್ನು "ಓದ್ಕೊಳ್ಳಲಿ" ಎಂದು ಹೆತ್ತವರು ಹೊಲಕ್ಕೇ ಬಿಟ್ಟಿಲ್ಲ. ಸಾಮೆ ಯಾವುದು, ಊದಲು ಯಾವುದು, ಒಬ್ಬರಿಗೂ ಗೊತ್ತಿಲ್ಲ.

ಮೂವರು ಬಂದಿದ್ದರು. ಮಲಪನಗುಡಿಯ ಹಂಪೇಶ್, ಅವನ ಚಿಕ್ಕಪ್ಪನ ಮಗ ಮಾರುತೇಶ್. ಕಮಲಾಪುರದಿಂದ ಹೇಮಾವತಿ, ಜೊತೆಗೆ ಅವಳ ಅಪ್ಪ ಮೂಕಣ್ಣ. ಬಾಳೆ ಬೆಳೆಯುವವರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದು ನಿಂತೇ ಮಾತಾಡಿದರು.

"ಟ್ಯೂಷನ್ ಸೆಂಟರ್ ಆಗಿದ್ರ ನಾ ಕಳಸ್ತಿದ್ದಿಲ್ರಿ ಮೇಡಂ. ಅಲ್ಲಿ ಎಂಥೆಂಥೋರು ಬರ್ತಾರೋ ಏನೋ. ಇದು ಮನಿ. ಆಚಾರ್ರ ಮನಿ. ಅದಕ್ಕ ಕಳಸಾಕತ್ತೀನಿ."

"ಒಳಗೆ ಬಂದು ಕೂತ್ಕೊಳ್ರಿ."

"ಬ್ಯಾಡ್ರಿ, ಬಸ್ಸೈತಿ. ಇಕಿ ಮಾರ್ಕ್ಸು ಅಷ್ಟಕ್ಕಷ್ಟೆ. ಪ್ರಾಕ್ಟಿಕಲ್‌ದಾಗ ಗೆದ್ರ ಸೀಟು. ಇಲ್ಲಂದ್ರ ಊರಾಗ ಇದ್ದಾಳಲ್ಲ, ಇರ್ತಾಳ."

ಹುಡುಗಿ ಅಪ್ಪನನ್ನೇ ದುರುಗುಟ್ಟಿ ನೋಡಿದಳು. ಆ ನೋಟ ನನಗೆ ಹಿಡಿಸಿತು. ಆದರೆ ಆಮೇಲೆ ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ತೊಟ್ಟಿಲಿನಿಂದ ವೇದಾಂತನನ್ನು ಎತ್ತಿಕೊಂಡು ನಿಂತಿದ್ದಳು. "ಅಳಾಕತ್ತಿತ್ರಿ" ಎಂದಳು. ನನಗೆ ಅಳು ಕೇಳಿಸಿರಲಿಲ್ಲ. ನನಗೆ ಕೇಳಿಸದ ಅಳು ಎಂಥದು?

ಸೆಪ್ಟೆಂಬರ್ 28, ಭಾನುವಾರ

ಶೀಶೆಗಳನ್ನು ಇಟ್ಟಿದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ. ಅದಕ್ಕೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಎಲ್ಲವೂ ಕಂಪನಿಯಲ್ಲಿದ್ದಾಗ ಕೂಡಿಟ್ಟ ಬೀಜಗಳು, ಗುಲಾಬಿ ಬಣ್ಣದ ಔಷಧ ಹಚ್ಚಿದವು. ಮುಟ್ಟಿದರೆ ಕೈ ತೊಳೆಯಬೇಕೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದೇನೆ. ಹೆಸರು ಶೀಶೆಯ ಮೇಲಿಲ್ಲ, ಮುಚ್ಚಳದ ಒಳಗೆ ಅಂಟಿಸಿದ್ದೇನೆ, ನೋಡಿ ಬರೆಯಬಾರದಲ್ಲ.

ಹೇಮಾವತಿ ಬೇಗ ಕಲಿಯುತ್ತಾಳೆ. ಸ್ವಲ್ಪ ಹೆಚ್ಚೇ ಬೇಗ. ಮೊದಲ ಬಸ್ಸಿಗೇ ಬಂದು, ಹುಡುಗರು ಬರುವವರೆಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಮುಚ್ಚಳ ತೆಗೆದು ನೋಡುತ್ತಾಳೆಯೇ ಎಂದು ಇವತ್ತು ಬಾಗಿಲ ಸಂದಿಯಿಂದ ನೋಡಿದೆ. ಸುಮ್ಮನೆ ಕೂತಿದ್ದಳು, ಮಡಿಲಲ್ಲಿ ದೊಡ್ಡ ಚೀಲ. ಅಷ್ಟು ದೊಡ್ಡ ಚೀಲ ಯಾಕೆ?

ಅಕ್ಟೋಬರ್ 1, ಬುಧವಾರ

ಕೂಸಿಗೆ ಲಸಿಕೆ ಹಾಕಿಸಿಕೊಂಡು ಆಟೋದಲ್ಲಿ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಬ್ಯಾನರು ಕಂಡಿತು. "ಅಗ್ರಿ ಪ್ರಾಕ್ಟಿಕಲ್ ಸ್ಪೆಷಲ್ ಬ್ಯಾಚ್." ಲಿಂಗರಾಜ್ ಎಂಬವನ ಕೋಚಿಂಗ್ ಸೆಂಟರು. ಬ್ಯಾನರಿನ ಫೋಟೋದಲ್ಲಿದ್ದವನೇ ಅದರ ಕೆಳಗೆ ನಿಂತಿದ್ದ. ಅವನ ಜೊತೆ ಮಾತಾಡುತ್ತ ನಿಂತವಳು ಹೇಮಾವತಿ!

ಇವರಿಗೆ ಹೇಳಿದೆ. "ಬಸ್ ಸ್ಟ್ಯಾಂಡ್‌ದಾಗ ಬಸ್ಸಿಗೆ ನಿಂತಾಳ, ಇನ್ನೆಲ್ಲಿ ನಿಂದರ್ಬೇಕು?" ಎಂದರು. ಸ್ಟೀಲ್ ಪ್ಲಾಂಟಿನಲ್ಲಿ ಶಿಫ್ಟು ಮುಗಿಸಿ ಬಂದವರಿಗೆ ಎಲ್ಲವೂ ಸರಳ.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆ ಹಾಲು ಕುಡಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಉದ್ದಕ್ಕೆ ಏನೋ ಹೇಳಿದರು. ಹೂಂ ಎಂದೆ. ಹೂಂ ಎಂದರೆ ಜಲ್ದಿ ಹೋಗುತ್ತಾರೆ.

ಅಕ್ಟೋಬರ್ 5, ಭಾನುವಾರ

ಶೀಶೆ ಕಾಣೆಯಾಗಿವೆ.

ತೊಗರಿ, ಕಡಲೆ, ಹೆಸರು, ಉದ್ದು, ಹುರುಳಿ. ಶೆಲ್ಫಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಖಾಲಿ. ನೋಡಿದ್ದು ಕ್ಲಾಸು ಮುಗಿದ ಮೇಲೆ. ಇವತ್ತು ಗೊಬ್ಬರದ ಪಾಠವಿತ್ತು, ನಾನು ಆ ಕಡೆ ಹೋಗಿರಲೇ ಇಲ್ಲ. ಆ ಕೋಣೆಯಲ್ಲಿ ಒಬ್ಬಳೇ ಇದ್ದವಳು ಯಾರೆಂದು ಬರೆಯಬೇಕಾಗಿಲ್ಲ.

ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ "ನಿನ್ನ ಮರೆವು" ಎನ್ನುತ್ತಾರೆ. ಹೋದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಮರೆತದ್ದನ್ನು ಇನ್ನೂ ಭಜನಾ ಮಂಡಳಿಯಲ್ಲಿ ಹೇಳುತ್ತಿದ್ದಾರಂತೆ. ಅಲ್ಲದೆ ಅವರು ಮುಟ್ಟುವ ಪ್ರಶ್ನೆಯೇ ಇಲ್ಲ. ಎದ್ದರೆ ಮಡಿ, ಕೂತರೆ ಮಡಿ. ನಾಲ್ಕು ಜಾತಿಯ ಕೈ ತಾಗಿದ ಶೀಶೆಯನ್ನು ನಮ್ಮ ಅತ್ತೆ ಭೀಮಾಬಾಯಿಯವರು ಮುಟ್ಟುತ್ತಾರೆಯೇ!

ಅಕ್ಟೋಬರ್ 9, ಗುರುವಾರ

ಇವತ್ತೂ ಬೇಳೆಯಿಲ್ಲದ ಸಾರು. ಬರೀ ಮೆಣಸು, ಜೀರಿಗೆ, ನೀರು. ಹುಳಿ ಮಾಡಿ ಎಷ್ಟು ದಿನವಾಯಿತು! ಹಾಲೂಡಿಸುವವಳಿಗೆ ಬೇಳೆ ಬೇಡವೇ? ಇವರನ್ನು ಕೇಳಿದರೆ ಸೊರ್ ಎಂದು ಕುಡಿದು "ಮಸ್ತ್ ಆಗೇದ" ಎಂದರು. ತಾಯಿ-ಮಗ ಏನನ್ನೋ ಮಾತಾಡಿಕೊಂಡಿದ್ದಾರೆ. ಕ್ಲಾಸು ನಡೆಸುವುದು ಅತ್ತೆಗೆ ಇಷ್ಟವಿಲ್ಲ. ಅದನ್ನು ಬಾಯಿಬಿಟ್ಟು ಹೇಳದೆ ಸಾರಿನಲ್ಲಿ ಹೇಳುತ್ತಿದ್ದಾರೆ.

ಅಕ್ಟೋಬರ್ 12, ಭಾನುವಾರ

ಮತ್ತೆ ಹೋಗಿವೆ. ಸಾಸಿವೆ, ಶೇಂಗಾ, ಔಡಲ, ಹತ್ತಿ.

ಉಳಿದದ್ದನ್ನು ಎದುರಿಗಿಟ್ಟುಕೊಂಡು ಕೂತೆ. ಭತ್ತ, ಜೋಳ, ಸಜ್ಜೆ, ರಾಗಿ, ನವಣೆ, ಮೆಕ್ಕೆಜೋಳ, ಎಳ್ಳು. ಆಗ ಹೊಳೆಯಿತು. ಹೋದದ್ದೆಲ್ಲ ದ್ವಿದಳ! ಎಳ್ಳೊಂದು ಬಿಟ್ಟರೆ ಉಳಿದದ್ದೆಲ್ಲ ಏಕದಳ! ಇದು ಸಿಕ್ಕಿದ್ದನ್ನು ಹೊತ್ತೊಯ್ಯುವ ಕಳ್ಳತನವಲ್ಲ, ಓದಿದವರ ಕೆಲಸ. ಏಕದಳ, ದ್ವಿದಳ ಬಿಡಿಸಿ ನೋಡಬಲ್ಲವರ ಕೆಲಸ. ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಆ ಪಾಠ ಹೋದ ವಾರ ಮುಗಿಯಿತೆಂದು ಹೇಮಾವತಿಯೇ ಹೇಳಿದ್ದಳು.

ಲಿಂಗರಾಜನ ಸೆಂಟರಿಗೆ ಸ್ಯಾಂಪಲ್ಲು ಬೇಕಾಗಿದೆ. ಪಾಠಕ್ಕೆ ತಕ್ಕಂತೆ ಕಂತು ಕಂತಾಗಿ ಸಾಗುತ್ತಿದೆ. ಈ ವಾರ ದ್ವಿದಳ, ಮುಂದಿನ ತಿಂಗಳು ಏಕದಳ.

ವೇದಾಂತನ ಪೌಡರನ್ನು ಶೆಲ್ಫಿನ ಮೇಲೆ ತೆಳ್ಳಗೆ ಉದುರಿಸಿದ್ದೇನೆ. ಬೆರಳು ಇಟ್ಟರೆ ಗುರುತು ಬೀಳುತ್ತದೆ.

ಅಕ್ಟೋಬರ್ 15, ಬುಧವಾರ

ಎಳ್ಳೂ ಇಲ್ಲ. ಪೌಡರಿನ ಮೇಲೆ ಬೆರಳಿನ ಗುರುತಿದೆ. ಆದರೆ ನಿನ್ನೆ ನಾನೇ ಒಂದು ಸಲ ಒರೆಸಿ ಮತ್ತೆ ಉದುರಿಸಿದ್ದೆನೇ? ನೆನಪಾಗುತ್ತಿಲ್ಲ. ಬುಧವಾರ ಹೇಮಾವತಿ ಬರುವುದಿಲ್ಲ ಎಂದು ಇವರು ಹೇಳಿದರು. ಬಂದಿಲ್ಲವೆಂದು ನೋಡಿದವರು ಯಾರು? ಮಧ್ಯಾಹ್ನ ನಾನು ಸ್ನಾನದಲ್ಲಿದ್ದೆ, ಬಾಗಿಲು ಮುಂದಕ್ಕೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ.

ಅಕ್ಟೋಬರ್ 19, ಭಾನುವಾರ

ಆಗಿಹೋಯಿತು.

ಮೂವರನ್ನೂ ಕೂರಿಸಿ ಹೇಳಿದೆ, "ಶೀಶೆಗಳು ಹೋಗಿವೆ. ಯಾರು ಒಯ್ದಿದ್ದೀರೋ ನನಗೆ ಗೊತ್ತು. ತಾವಾಗಿಯೇ ಹೇಳಿದರೆ ಒಳ್ಳೆಯದು."

ಹುಡುಗರು ಮುಖ ಮುಖ ನೋಡಿಕೊಂಡರು. ಹಂಪೇಶ್ ನಗಲು ನೋಡಿದ. "ತೊಗರಿಬ್ಯಾಳಿ ಯಾರ್ ಕದಿತಾರ್ರಿ ಮೇಡಂ? ಕಿರಾಣಿ ಅಂಗಡ್ಯಾಗ ಬೇಕಾದಷ್ಟು ಸಿಗ್ತೈತಿ."

"ನಿನ್ನ ಕೇಳಲಿಲ್ಲ. ಹೇಮಾವತಿ, ಚೀಲ ತೋರಿಸು."

"ಯಾಕ್ರಿ?"

"ತೋರಿಸು."

ತೋರಿಸಲಿಲ್ಲ. ಚೀಲವನ್ನು ಎದೆಗೆ ಒತ್ತಿ ಹಿಡಿದಳು. ನಾನೇ ಎಳೆದುಕೊಂಡೆ. ಪುಸ್ತಕ, ಟಿಫಿನ್ ಡಬ್ಬಿ, ಕೊಡೆ. ಅಡಿಯಲ್ಲಿ ಕಾಗದದ ಪೊಟ್ಟಣಗಳು. ಬಿಡಿಸಿದೆ. ತೊಗರಿ! ಹುರುಳಿ! ಹೆಸರು!

"ಇದೇನು?"

"ಮನಿಯಿಂದ ತಂದೀನ್ರಿ. ನಿಮ್ಮ ಶೆಲ್ಫ್ ಖಾಲಿ ಆಗೈತಲ್ಲ, ಕ್ಲಾಸಿಗೆ ಬೇಕಾಗ್ತಾವ ಅಂತ. ಕೊಡಬೇಕಂತನ ತಂದಿದ್ದೆ."

"ಕೊಡಬೇಕೆಂದು ತಂದವಳು ಚೀಲ ಯಾಕೆ ಮುಚ್ಚಿಟ್ಟುಕೊಂಡೆ?"

"ನೀವು ಹಂಗ ಕೇಳಿದ್ರಲ್ರಿ, ಅದಕ್ಕ."

ಮಾರುತೇಶ್ ತಲೆ ತಗ್ಗಿಸಿದ್ದ. ಹಂಪೇಶ್ ಮಾತ್ರ, "ಇಕಿ ಅಂಥಾಕಿ ಅಲ್ರಿ ಮೇಡಂ" ಎಂದ. ಅವನಿಗೂ ಪಾಲಿರಬಹುದು.

ಅವಳು ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಒಳಗಿಟ್ಟು ಹೊರಟಳು. ಪೊಟ್ಟಣಗಳನ್ನು ಮೇಜಿನ ಮೇಲೇ ಬಿಟ್ಟಳು. ತಪ್ಪು ಮಾಡದವಳು ಅಳಬೇಕಲ್ಲ? ವಾದ ಮಾಡಬೇಕಲ್ಲ?

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಸ್ನಾನ. ನಾನು ಮಾಡಿದ್ದು ಸರಿಯಾಗಿಯೇ ಇದೆ.

ಅಕ್ಟೋಬರ್ 22, ಬುಧವಾರ

ಮೂಕಣ್ಣನ ಫೋನು. ಜಗಳಕ್ಕೆ ತಯಾರಾಗಿ ಎತ್ತಿದೆ. ದನಿ ಏರಿಸಲಿಲ್ಲ ಆತ.

"ಮನಿ ಅಂತ ಕಳಸಿದ್ದೆ ಮೇಡಂ. ಸೆಂಟರ್‌ದಾಗ ಏನಾರ ಅಂದಿದ್ರ ಹೋಗಿ ಬಡದಾಡ್ತಿದ್ದೆ. ಮನ್ಯಾಗ ಅಂದ್ರ ಯಾರ ಹತ್ರ ಹೋಗ್ಲಿ? ಇನ್ನ ಆಕಿ ಬರಂಗಿಲ್ಲ. ಅಗ್ರಿನೂ ಬ್ಯಾಡ, ಏನೂ ಬ್ಯಾಡ ಅಂತಾಳ. ನನಗೂ ಅದ ಸರಿ ಅನ್ಸೈತಿ. ನಮಸ್ಕಾರ."

ನಾನು ಏನು ಹೇಳಿದೆನೋ ನೆನಪಿಲ್ಲ. ಆತನ ಜಾಣತನವಿರಬಹುದು, ಮೆತ್ತಗೆ ಮಾತಾಡಿ ನನ್ನನ್ನೇ ತಪ್ಪಿಗೆ ಸಿಕ್ಕಿಸುವುದು. ವೇದಾಂತ್ ಇಡೀ ದಿನ ಅತ್ತ.

ಅಕ್ಟೋಬರ್ 24, ಶುಕ್ರವಾರ

ಇವತ್ತಿನದನ್ನು ಬರೆದಿಡಲೇಬೇಕು.

ವೇದಾಂತನಿಗೆ ಆರು ತಿಂಗಳು ತುಂಬಿತು, ಬೇಳೆಯ ಕಟ್ಟು ಶುರುಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅತ್ತೆ, ಹೆಸರುಬೇಳೆ ಎಲ್ಲಿದೆ?" ಎಂದು ಕೇಳಿದೆ.

"ಮನ್ಯಾಗ ಎಲ್ಲಿದವಾ ಬ್ಯಾಳಿ? ದ್ವಿದಳ ವ್ರತ ನಡದದ. ಎರಡು ಹೋಳಾಗೂ ಕಾಳು ಒಂದೂ ಇಟ್ಟಿಲ್ಲ ಈ ತಿಂಗಳು. ಎಲ್ಲಾ ಶೆಡ್ಡಿನ ಅಟ್ಟದ ಮ್ಯಾಲ ಅವ, ನಿನ್ನ ಶೀಶೆ ಜೊತಿನ. ಕೂಸಿಗೆ ಬೇಕಂದ್ರ ಹೊರಗಿನ ಒಲಿ ಮ್ಯಾಲ ಬೇಯಿಸ್ಕೊ, ಕೂಸಿಗೇನು ವ್ರತ?"

"ನನ್ನ ಶೀಶೆ?"

"ಮತ್ತ? ಗ್ವಾಡಿ ಆ ಕಡೆ ದೇವರ ನೈವೇದ್ಯ, ಈ ಕಡೆ ನಿನ್ನ ತೊಗರಿ. ಏಕಾದಶಿ ದಿನ ಹೇಳೋಣ ಅಂದ್ರ ಮಲಗಿದ್ದಿ. ಮರುದಿನ ದ್ವಾದಶಿಗೆ ಪಾರಣಿ ಮುಗಿಸ್ಕೊಂಡು ಬಂದು ಹೇಳಿದೆ, 'ಸರಸಲೇನವಾ' ಅಂತ ಕೇಳಿದೆ. ಹೂಂ ಅಂದಿ."

"ನೀವು ಮಡಿಯಲ್ಲಿ ಅವನ್ನು ಮುಟ್ಟಿದಿರಾ?"

"ಸ್ನಾನಕ್ಕಿಂತ ಮೊದಲು ಯಾರಿಗೆ ಮಡಿ ಇರ್ತದ? ಹುಚ್ಚಿ! ಆಮ್ಯಾಲ ಮಂಡಳಿಯೊಳಗ ವಾದ ಆತು, ಸಾಸಿವಿ ದ್ವಿದಳ ಹೌದೋ ಅಲ್ಲೋ ಅಂತ. ಹೌದು ಅಂತ ಆತು. ಅದನ್ನೂ ಒಯ್ದು ಇಟ್ಟೆ. ಎಳ್ಳಿಂದು ಇನ್ನೂ ಜಗಳ ನಡದದ, ಅದರೂ ಯಾಕ ಬೇಕು ಅಂತ ಇಟ್ಟೀನಿ."

ಬೇಳೆಯಿಲ್ಲದ ಸಾರು! ಸಂಡೂರಿನ ನನ್ನ ತವರಿನಲ್ಲಿ ವ್ರತವೆಂದರೆ ಏಕಾದಶಿಗೆ ಅನ್ನದ ಬದಲು ಉಪ್ಪಿಟ್ಟು, ಅಷ್ಟೆ. ಮದುವೆಯಾದ ಮೇಲೆ ತೋರಣಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ಈ ಮನೆಯಲ್ಲಿ ಚಾತುರ್ಮಾಸ ನೋಡುತ್ತಿರುವುದು ಇದೇ ಮೊದಲು. ಆದರೆ ಏಕದಳ, ದ್ವಿದಳ ಬಿಡಿಸಬಲ್ಲವರು ಯಾರೆಂದು ಯೋಚಿಸುವಾಗ ಪಠ್ಯಪುಸ್ತಕ ಬಿಟ್ಟು ಬೇರೇನೂ ಹೊಳೆಯಲಿಲ್ಲವಲ್ಲ!

ಅಟ್ಟ ಹತ್ತಿ ನೋಡಿದೆ. ಹಳೆಯ ಪೇಪರಿನಲ್ಲಿ ಸುತ್ತಿ, ಸಾಲಾಗಿ, ಒಂದೂ ಕಡಿಮೆಯಿಲ್ಲದೆ ಇದ್ದವು. ಎಲ್ಲ ಗುಲಾಬಿ ಬಣ್ಣದವು.

ಕೆಳಗಿಳಿದು ಹೇಮಾವತಿಯ ಪೊಟ್ಟಣ ಬಿಡಿಸಿದೆ. ಅವುಗಳಿಗೆ ಔಷಧವಿಲ್ಲ. ಮನೆಯ ತೊಗರಿ, ಮಣ್ಣಿನ ಬಣ್ಣದ್ದು, ಅಲ್ಲೊಂದು ಇಲ್ಲೊಂದು ಹುಳ ಕೊರೆದ ತೂತು. ಭಾನುವಾರ ಇದೇ ಮೇಜಿನ ಮೇಲೆ, ಇದೇ ಬೆಳಕಿನಲ್ಲಿ ಬಿಡಿಸಿದ್ದೆ. ಬೀಜ ನೋಡಿ ಸಂಬಳ ತೆಗೆದುಕೊಂಡವಳು ನಾನು. ಅವತ್ತು ನೋಡಿದ್ದು ಮತ್ತೇನನ್ನು?

ಅತ್ತೆಗೆ ಹೇಳಿದೆ. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. "ಹೆಣ್ಣುಹುಡುಗಿ ಮ್ಯಾಲ ಕಳವಿನ ಮಾತು ಕೆಟ್ಟದ್ದವಾ. ಸೀರಿಗೆ ಹತ್ತಿದ ಬಾಳಿಕಲಿ ಇದ್ದಂಗ, ತೊಳದ್ರ ಹೋಗೂದಿಲ್ಲ. ಫೋನ್ ಮಾಡಬ್ಯಾಡ, ಹೋಗಿ ಕೇಳ್ಕೊ" ಎಂದರು. ಹೊರಳಿ ಒಳಗೆ ಹೋಗುತ್ತ, "ಶೀಶೆ ಬೇಕಂದ್ರ ಒಯ್ಯಿ. ವಾಪಸ್ ತಂದ್ರ ಅಟ್ಟಕ್ಕ ಇಡು, ಒಳಗ ತರಬ್ಯಾಡ."

ಅಕ್ಟೋಬರ್ 26, ಭಾನುವಾರ

ಕ್ಲಾಸು ಇಲ್ಲವೆಂದು ಹುಡುಗರಿಗೆ ತಿಳಿಸಿ, ವೇದಾಂತನನ್ನು ಎತ್ತಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಇವರಿಗೆ ಡ್ಯೂಟಿ. ಶೀಶೆಗಳ ಚೀಲ ಒಂದು ಹೆಗಲಿಗೆ, ಕೂಸಿನ ಚೀಲ ಇನ್ನೊಂದಕ್ಕೆ.

ಮೂಕಣ್ಣನ ಮನೆ ಕೇಳಿಕೊಂಡು ಹೋದೆ. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಹೇಮಾವತಿಯ ಅಜ್ಜಿ, ಗಾಳೆಮ್ಮ. ನಾನು ಯಾರೆಂದು ಹೇಳಿದ ಕೂಡಲೇ ಒಳಗೆ ಕೂಗಿದಳು, "ಲೇ ಹೇಮೀ, ನಿಮ್ಮ ಮೇಡಂ ಬಂದಾಳ, ಪೊಲೀಸ್ರನ್ನ ಕರ್ಕೊಂಡು ಬಂದಿಲ್ಲ!" ನನ್ನ ಕಡೆ ತಿರುಗಿ, "ಬರ್ರಿ, ಕುಂದ್ರಿ. ಕಳ್ಳರ ಮನಿಗೆ ಬಂದೀರಿ, ಕೂಸಿನ ಬೆಳ್ಳಿ ಕಡಗ ಗಟ್ಟಿ ಹಿಡ್ಕೊಳ್ರಿ."

ಕೂತೆ. ಹೇಳಿದೆ. ವ್ರತ, ಅಟ್ಟ, ಎಲ್ಲವನ್ನೂ. ಹೇಮಾವತಿ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಮುಖದಲ್ಲಿ ಏನೂ ಇಲ್ಲ.

"ತಪ್ಪಾಯಿತು" ಎಂದೆ.

"ಆ ಲಿಂಗರಾಜ್ ಸರ್ರು ಬಸ್ ಸ್ಟ್ಯಾಂಡಿನ್ಯಾಗ ನಿಂದ್ರಿಸಿ, ಪುಕ್ಸಟ್ಟೆ ಕಲಸ್ತೀನಿ ಬಾ ಅಂದ್ರಂತ" ಎಂದಳು ಗಾಳೆಮ್ಮ. "ನಮ್ಮ ಮೇಡಂ ಅದಾರ, ಬರಂಗಿಲ್ಲ ಅಂದು ಬಂದಾಳ ಈ ಹುಚ್ಚು ಹುಡುಗಿ. ಅದಕ್ಕ ನಾ ಬೈತಿದ್ದೆ."

"ಅಜ್ಜೀ, ಸುಮ್ನಿರು."

"ಯಾಕ ಸುಮ್ನಿರ್ಲಿ? ಅಕಿ ಬೊಗಳಿದಾಗ ನೀ ಸುಮ್ನಿದ್ದಿ. ಅದ ಸಾಕು."

ಮೂಕಣ್ಣ ತೋಟದಲ್ಲಿದ್ದಾನೆ, ಬರಲು ತಡವಾಗುತ್ತದೆ ಎಂದರು. ಕಾಯುತ್ತೇನೆ ಎಂದೆ. ಗಾಳೆಮ್ಮ ಚಾಪೆ ಹಾಸಿ, "ಮಾರಿ ನೋಡು, ದೆವ್ವ ಮೆಟ್ಟಿದಂಗ ಆಗೈತಿ. ನಿದ್ದಿ ಮಾಡ್ತೀಯೋ ಇಲ್ಲೋ?" ಎಂದಳು. ವೇದಾಂತನನ್ನು ಪಕ್ಕಕ್ಕೆ ಹಾಕಿಕೊಂಡು ಬೆನ್ನು ಚಾಚಿದ್ದಷ್ಟೇ ಗೊತ್ತು.

ಎಚ್ಚರಾದಾಗ ಬಿಸಿಲು ಇಳಿದಿತ್ತು. ಪಕ್ಕ ಖಾಲಿ.

ಕೂಗಿದೆನೋ ಏನೋ ಗೊತ್ತಿಲ್ಲ. ಕಡಗ ಎಂದು ಗಾಳೆಮ್ಮ ಅಂದದ್ದು ನೆನಪಾಯಿತು. ಸೇಡು, ಎಂದುಕೊಂಡೆ. ಎತ್ತಿಕೊಂಡು ಹೋದರು. ಸೆರಗು ಎಳೆದುಕೊಳ್ಳದೆ ಹಿತ್ತಲಿಗೆ ಓಡಿದೆ.

ನೀರಿನ ತೊಟ್ಟಿಯ ಪಕ್ಕ ಗಾಳೆಮ್ಮನ ಮಡಿಲಲ್ಲಿ ಕೂತು ವೇದಾಂತ್ ನೀರು ಬಡಿಯುತ್ತಿದ್ದ. ಮೈಯೆಲ್ಲ ತೊಯ್ದಿತ್ತು, ಕೇಕೆ ಹಾಕುತ್ತಿದ್ದ. ಪಕ್ಕದಲ್ಲಿ ಹೇಮಾವತಿ ನನ್ನ ಶೀಶೆಗಳನ್ನು ಹರಡಿಕೊಂಡು, ಮುಚ್ಚಳ ತೆಗೆಯದೆ ತನ್ನಷ್ಟಕ್ಕೆ ಹೆಸರು ಹೇಳಿಕೊಳ್ಳುತ್ತಿದ್ದಳು. ತಲೆಯೆತ್ತಿ ನನ್ನ ಮುಖ ನೋಡಿದಳು. ನೋಡಿ, ಎಲ್ಲವನ್ನೂ ಓದಿಕೊಂಡಳು.

"ಇಲ್ಲೇ ಅದಾನ್ರಿ ಮೇಡಂ. ಯಾರೂ ಕದ್ದಿಲ್ಲ."

ಕೂಸನ್ನು ಎತ್ತಿಕೊಳ್ಳಲು ಹೋದರೆ ಅವನು ತೊಟ್ಟಿಯ ಕಡೆಗೇ ಬಾಗಿ ಅತ್ತ.

ಮೂಕಣ್ಣ ಬಂದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಕಾಲು ತೊಳೆದುಕೊಳ್ಳುತ್ತ ಕೇಳಿ, "ಅಂದಿದ್ದು ಆಕಿಗೆ. ಆಕಿನ್ನ ಕೇಳ್ರಿ" ಎಂದ.

ಹೇಮಾವತಿ ಶೀಶೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

"ಬರ್ತೀನ್ರಿ. ನನಗ ಸೀಟು ಬೇಕು. ಆದ್ರ ನನ್ನ ಚೀಲ ನಿಮ್ಮ ಮನಿ ಒಳಗ ತರಂಗಿಲ್ಲ. ಗೇಟಿಗೆ ತಗಲ್ ಹಾಕಿ ಬರ್ತೀನಿ."

"ಹಾಗೆ ಮಾಡಬೇಡ ಹೇಮಾವತ—"

"ಹಂಗಾದ್ರ ಬರಂಗಿಲ್ರಿ."

"ಹೂಂ" ಎಂದೆ. ಈ ಸಲ ಕೇಳಿಸಿಕೊಂಡೇ ಹೂಂ ಎಂದೆ.

ನವೆಂಬರ್ 2, ಭಾನುವಾರ

ನಡುವೆ ಬರೆಯಲಾಗಲಿಲ್ಲ. ಮಧ್ಯಾಹ್ನ ಅತ್ತೆ ಕೂಸನ್ನು ಒಯ್ದರೆ ನಾನು ಮಲಗಿಬಿಡುತ್ತೇನೆ.

ಇವತ್ತು ಮೊದಲ ಬಸ್ಸಿಗೇ ಬಂದಳು. ಪೆನ್ನು, ಹಾಳೆ ತೆಗೆದುಕೊಂಡು ಚೀಲವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಒಳಗೆ ಬಂದಳು. ಹಂಪೇಶ್ ನೋಡಿದ. ಅವನೂ ತನ್ನ ಚೀಲವನ್ನು ಒಯ್ದು ಪಕ್ಕಕ್ಕೆ ಸಿಕ್ಕಿಸಿದ. ಮಾರುತೇಶನೂ. ಹಾಲು ತರಲು ಹೊರಟ ಇವರು ಗೇಟಿನಲ್ಲಿ ನಿಂತು, "ಏನಿದು, ಬಸ್ ಸ್ಟ್ಯಾಂಡ್ ಮಾಡೀರಲ್ಲ?" ಎಂದರು. ಯಾರೂ ನಗಲಿಲ್ಲ. ಅತ್ತೆ ಕಿಟಕಿಯಿಂದ ನೋಡಿ ಒಳಗೆ ಹೋದರು.

ಪಾಠವನ್ನು ಜಗಲಿಯಲ್ಲೇ ಇಟ್ಟುಕೊಂಡೆ. ದ್ವಿದಳದ ಶೀಶೆಗಳನ್ನು ಒಳಗೆ ತರುವಂತಿಲ್ಲವಲ್ಲ. ಹೇಮಾವತಿ ಎರಡನ್ನು ಬಿಟ್ಟು ಉಳಿದೆಲ್ಲ ಸರಿ ಹೇಳಿದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಮೊದಲಿನ ಹಾಗೆ ಮಧ್ಯೆ ಮಧ್ಯೆ ಪ್ರಶ್ನೆಯಿಲ್ಲ. ವೇದಾಂತ್ ತೆವಳಿ ಹೋಗಿ ಅವಳ ಲಂಗದ ತುದಿ ಹಿಡಿದ. ಎತ್ತಿಕೊಳ್ಳಲೇ ಎಂದು ನನ್ನ ಮುಖ ನೋಡಿದಳು. ಅವಳು ಕೇಳುವುದಕ್ಕೆ ಮೊದಲೇ ಹೇಳಬೇಕಿತ್ತು, ನನಗೆ ಹೊಳೆಯಲಿಲ್ಲ. ಯಾಕೆಂದರೆ ನನ್ನ ಗಮನ ಅಲ್ಲಿರಲಿಲ್ಲ.

ಗೇಟಿನ ಮೇಲಿತ್ತು. ನಮ್ಮ ಓಣಿಯಲ್ಲಿ ಭಾನುವಾರ ಎಂಥೆಂಥವರು ಓಡಾಡುತ್ತಾರೆ! ಹಳೆ ಪೇಪರಿನವನು ಬಂದ, ಸೊಪ್ಪಿನವಳು ಬಂದಳು. ಸೈಕಲ್ಲಿನವನೊಬ್ಬ ಗೇಟಿನ ಹತ್ತಿರವೇ ಒಂದು ಕಾಲೂರಿ ನಿಂತ. ಶೀಶೆ ಕೆಳಗಿಟ್ಟು ಎದ್ದು ಹೋದೆ. ಪಕ್ಕದ ಮನೆಯ ವಿಳಾಸ ಕೇಳಲು ನಿಂತಿದ್ದನಂತೆ. ಹೇಳಿ ಕಳಿಸಿ, ಅವನು ಓಣಿಯ ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದೆ.

ಆಮೇಲೆ ಕುರ್ಚಿಯನ್ನು ಗೇಟಿನ ಪಕ್ಕಕ್ಕೇ ಎಳೆದುಕೊಂಡು, ಒಂದು ಕೈ ಚೀಲಗಳ ಮೇಲಿಟ್ಟು, ಅಲ್ಲಿಂದಲೇ ಗಟ್ಟಿಯಾಗಿ ಪಾಠ ಹೇಳಿದೆ.